ಕುತ್ತಿಗೆಯ ಗಂಟು, ಕಂಕುಳ ಗಂಟು

ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ 'ಎಷ್ಟನೇ ಸ್ಟೇಜು?' ಅದರ ಬೆನ್ನಿಗೇ ಇನ್ನೊಂದು: 'ಗಂಟಿಗೆ ಹರಡಿದೆಯಾ?' ಹೌದು ಎಂಬ ಉತ್ತರ ಬಂತೆಂದರೆ ಮನೆಯವರಲ್ಲಿ ಅರ್ಧ ಜನ ಅಲ್ಲಿಗೇ ಕೈಚೆಲ್ಲುತ್ತಾರೆ. ನೆಂಟರಲ್ಲಿ ತಿಳಿದವರು ಎನ್ನಿಸಿಕೊಂಡ ಯಾರೋ ಒಬ್ಬರು, 'ಇನ್ನು ಸುಮ್ಮನೆ ಹಿಂಸೆ ಕೊಡಬೇಡಿ, ಊರಿಗೆ ಕರೆದುಕೊಂಡು ಹೋಗಿಬಿಡಿ' ಎನ್ನುತ್ತಾರೆ. ಈ ಅಧ್ಯಾಯವನ್ನು ಮುಖ್ಯವಾಗಿ ಓದಬೇಕಾದವರು ಆ ನೆಂಟರು.

ಹಂತಗಳ ಲೆಕ್ಕವನ್ನೇ ನೋಡಿ. ನಲವತ್ತು ವರ್ಷದ ಹೆಂಗಸೊಬ್ಬರಿಗೆ ಥೈರಾಯ್ಡಿನ ಪ್ಯಾಪಿಲರಿ ಕ್ಯಾನ್ಸರ್ ಇದ್ದು, ಅದು ಕುತ್ತಿಗೆಯ ಹತ್ತು ಗಂಟುಗಳಿಗೆ ಹೋಗಿದ್ದರೂ ಅವರದು ಒಂದನೇ ಹಂತ. 55 ವರ್ಷದೊಳಗಿನವರಲ್ಲಿ ಈ ಕ್ಯಾನ್ಸರ್ ದೂರದ ಅಂಗಗಳಿಗೆ ಹೋಗದಿದ್ದರೆ ಹಂತ ನಿರ್ಧರಿಸುವಾಗ ಗಂಟುಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಬಹುಮಟ್ಟಿಗೆ ಅಂಥವರೆಲ್ಲ ಬದುಕುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್ ಪಕ್ಕದ ಒಂದೇ ಒಂದು ಗಂಟಿನಲ್ಲಿ ಸಿಕ್ಕಿದರೂ ಮೂರನೇ ಹಂತ. ಕೆನ್ನೆಯ ಒಳಗಿನ ಕ್ಯಾನ್ಸರ್ ಅದೇ ಬದಿಯ ಕುತ್ತಿಗೆಯ ಎರಡು ಗಂಟುಗಳಿಗೆ ಇಳಿದಿದ್ದರೆ ಅದು 'ನಾಲ್ಕು ಎ'. ಸ್ತನ ಕ್ಯಾನ್ಸರಿನಲ್ಲಿ ನಾಲ್ಕನೇ ಹಂತ ಎಂದರೆ ಮೂಳೆ, ಶ್ವಾಸಕೋಶ, ಯಕೃತ್ತಿನಂಥ ದೂರದ ಜಾಗಗಳಿಗೆ ಹೋಗಿದೆ ಎಂದರ್ಥ. ಬಾಯಿ ಕ್ಯಾನ್ಸರಿನ 'ನಾಲ್ಕು ಎ' ಹಾಗಲ್ಲ. ರೋಗ ಇನ್ನೂ ಬಾಯಿ ಮತ್ತು ಕುತ್ತಿಗೆಯಲ್ಲೇ ಇದೆ, ಗುಣಪಡಿಸಬೇಕೆಂಬ ಉದ್ದೇಶದಿಂದಲೇ ವೈದ್ಯರು ಆಪರೇಷನ್‌ಗೆ ಕೈಹಾಕುತ್ತಾರೆ. 'ನಾಲ್ಕು' ಎಂಬ ಅಂಕಿ ಕೇಳಿ ಊರಿಗೆ ಬಸ್ಸು ಹತ್ತಿದವರಲ್ಲಿ ಬದುಕಬಹುದಾಗಿದ್ದವರು ಇದ್ದೇ ಇರುತ್ತಾರೆ. ಗಡ್ಡೆ, ಗಂಟು, ದೂರದ ಹರಡುವಿಕೆ ಎಂಬ ಮೂರನ್ನು ಸೇರಿಸಿ ಅಳೆಯುವ ಈ ಪದ್ಧತಿಯನ್ನು ರೂಪಿಸಿದವರು ಫ್ರಾನ್ಸಿನ ಪಿಯರ್ ಡೆನ್ವಾ, 1943ರಿಂದ 1952ರ ನಡುವೆ. ವೈದ್ಯರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಕಟ್ಟಿಕೊಂಡ ಸಂಕೇತ ಅದು. ರೋಗಿಯ ಮನೆಯಲ್ಲಿ ಅದು ತೀರ್ಪಿನಂತೆ ಕೇಳಿಸುತ್ತದೆ.

ಹಾಗಾದರೆ ಈ ಗಂಟು ಎಂದರೇನು? ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗೆಡ್ಡೆ ಕಟ್ಟುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದಾರೆ. ಅದೇ ದುಗ್ಧಗ್ರಂಥಿ. ಸೂಕ್ಷ್ಮ ರಕ್ತನಾಳಗಳಿಂದ ಸೋರಿದ ನೀರಿನಂಶದಲ್ಲಿ ದಿನಕ್ಕೆ ಎರಡು ಮೂರು ಲೀಟರಿನಷ್ಟು ನೇರವಾಗಿ ರಕ್ತಕ್ಕೆ ಮರಳುವುದಿಲ್ಲ. ಅದನ್ನು ಹೊತ್ತೊಯ್ಯಲು ಕೂದಲೆಳೆಯಂಥ ಬೇರೆಯೇ ನಾಳಗಳಿವೆ. ಈ ದುಗ್ಧನಾಳಗಳು ಒಂದಕ್ಕೊಂದು ಕೂಡಿಕೊಳ್ಳುತ್ತ ಕತ್ತಿನ ಬುಡದಲ್ಲಿ ರಕ್ತವನ್ನು ಸೇರುತ್ತವೆ. ದಾರಿಯುದ್ದಕ್ಕೂ ಅಲ್ಲಲ್ಲಿ ಅವರೆಕಾಳಿನ ಆಕಾರದ ಗ್ರಂಥಿಗಳಿವೆ, ಮೈಯಲ್ಲಿ ಒಟ್ಟು ಐದಾರು ನೂರಕ್ಕೆ ಕಡಿಮೆಯಿಲ್ಲ. ಕುತ್ತಿಗೆಯಲ್ಲಿ ಅವು ವಿಶೇಷವಾಗಿ ದಟ್ಟ. ಸೋಂಕನ್ನು ಹಿಡಿದು ತಪಾಸಣೆ ಮಾಡುವುದು, ರೋಗನಿರೋಧಕ ಕಣಗಳಿಗೆ ಶತ್ರುವನ್ನು ಪರಿಚಯಿಸುವುದು ಅವುಗಳ ಕೆಲಸ.

ಈ ನಾಳಗಳು ಯುರೋಪಿನ ವೈದ್ಯರ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು ಆಕಸ್ಮಿಕವಾಗಿ. 1622ರಲ್ಲಿ ಇಟಲಿಯ ಗ್ಯಾಸ್ಪರೊ ಅಸೆಲ್ಲಿ ಬೇರೇನನ್ನೋ ತೋರಿಸಲೆಂದು ನಾಯಿಯೊಂದರ ಹೊಟ್ಟೆ ಸೀಳಿದ. ಅದು ಆಗಷ್ಟೇ ಹೊಟ್ಟೆತುಂಬ ತಿಂದಿತ್ತು. ಕರುಳಿನ ಪೊರೆಯ ಮೇಲೆಲ್ಲ ಬಿಳಿಯ ಎಳೆಗಳು ಕಂಡವು. ನರವಿರಬೇಕೆಂದುಕೊಂಡು ಒಂದನ್ನು ಚುಚ್ಚಿದರೆ ಹಾಲಿನಂಥ ದ್ರವ ಹೊರಬಂತು. ಊಟದ ಕೊಬ್ಬನ್ನು ಹೊತ್ತೊಯ್ಯುತ್ತಿದ್ದ ದುಗ್ಧನಾಳಗಳು ಅವು. ಆ ನಾಯಿ ಅಂದು ಉಪವಾಸವಿದ್ದಿದ್ದರೆ ಅಸೆಲ್ಲಿಗೆ ಏನೂ ಕಾಣುತ್ತಿರಲಿಲ್ಲ.

ಕ್ಯಾನ್ಸರ್ ಮೊದಲು ಒಂದೆಡೆ ಹುಟ್ಟಿ, ಆಮೇಲೆ ಈ ನಾಳಗಳ ಮೂಲಕ ಗ್ರಂಥಿಗಳಿಗೆ ಸಾಗುತ್ತದೆ ಎಂದು ಹದಿನೆಂಟನೇ ಶತಮಾನದಲ್ಲೇ ಪ್ಯಾರಿಸ್ಸಿನ ಸರ್ಜನ್ ಲ ದ್ರಾನ್ ವಾದಿಸಿದ್ದ. ಅದನ್ನು ಕತ್ತಿಯ ತುದಿಗೆ ತಂದವನು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್. ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳ ಗ್ರಂಥಿಗಳು, ಎಲ್ಲವನ್ನೂ ಒಂದೇ ತುಂಡಾಗಿ ತೆಗೆಯುವ ಶಸ್ತ್ರಕ್ರಿಯೆ ಅವನದು. 1894ರಲ್ಲಿ ಅವನು ಪ್ರಕಟಿಸಿದ 50 ರೋಗಿಗಳ ವರದಿಯಲ್ಲಿ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳಿದ್ದು 3 ಜನರಿಗೆ ಮಾತ್ರ. ಆ ಕಾಲಕ್ಕೆ ಅದು ನಂಬಲಾಗದ ಫಲಿತಾಂಶ. ಗ್ರಂಥಿಗಳು ಕೋಟೆಯ ಬಾಗಿಲುಗಳು, ಬಾಗಿಲ ಆಚೆಗೂ ಕಿತ್ತು ಹಾಕಿದರೆ ಶತ್ರು ಒಳನುಗ್ಗಲಾರ ಎಂಬ ತರ್ಕ ಮುಂದಿನ ಎಪ್ಪತ್ತು ವರ್ಷ ಆಳಿತು. ಕೆಲವರು ಪಕ್ಕೆಲುಬನ್ನೂ ತೆಗೆದರು. ಬದುಕಿದ ಹೆಂಗಸರು ಗುಳಿಬಿದ್ದ ಎದೆ, ಊದಿದ ತೋಳು ಹೊತ್ತು ಮನೆಗೆ ಹೋದರು.

ತೋಳು ಊದುವುದೇಕೆಂದು ಕರಾವಳಿಯವರಿಗೆ ಹೆಚ್ಚು ವಿವರಿಸಬೇಕಿಲ್ಲ. ಆನೆಕಾಲು ರೋಗದಲ್ಲಿ ಹುಳುಗಳು ದುಗ್ಧನಾಳಗಳನ್ನು ಕೆಡಿಸುವುದರಿಂದ ಕಾಲು ಊದುತ್ತದೆ. ಇಲ್ಲಿ ಸರ್ಜನ್ನನ ಕತ್ತರಿ ಅದೇ ಕೆಲಸ ಮಾಡುತ್ತದೆ. ಕಂಕುಳ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತೋಳಿನ ಊತ ಬರುತ್ತದೆ. ಕುಪ್ಪಸದ ಒಂದು ತೋಳನ್ನು ಮಾತ್ರ ಸಡಿಲವಾಗಿ ಹೊಲಿಸಿಕೊಳ್ಳುವ ಹೆಂಗಸರು ಆಸ್ಪತ್ರೆಯ ದಾಖಲೆಯಲ್ಲಿ 'ಗುಣವಾದವರು'.

ಹಾಲ್‌ಸ್ಟೆಡ್ ತರ್ಕವನ್ನು ಪ್ರಯೋಗಕ್ಕೆ ಒಡ್ಡಿದವರು ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್. 1971ರಲ್ಲಿ ಶುರುವಾದ ಅವರ ಅಧ್ಯಯನದಲ್ಲಿ, ಕಂಕುಳಲ್ಲಿ ಕೈಗೆ ಗಂಟು ಸಿಗದ 1,079 ಹೆಂಗಸರನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲ್‌ಸ್ಟೆಡ್ ಮಾದರಿಯ ಪೂರ್ಣ ಶಸ್ತ್ರಕ್ರಿಯೆ. ಇನ್ನೊಂದಕ್ಕೆ ಸ್ತನವನ್ನಷ್ಟೇ ತೆಗೆದು ಗ್ರಂಥಿಗಳಿಗೆ ರೇಡಿಯೇಷನ್. ಮೂರನೆಯದಕ್ಕೆ ಸ್ತನ ಮಾತ್ರ ತೆಗೆಯುವುದು. ಕಂಕುಳ ಗ್ರಂಥಿಗಳ ತಂಟೆಗೇ ಹೋಗದೆ, ಮುಂದೆಂದಾದರೂ ಗಂಟು ಎದ್ದರೆ ಆಗ ತೆಗೆಯುವುದು. ಕೀಮೋ ಯಾರಿಗೂ ಇರಲಿಲ್ಲ. ಮೊದಲ ಗುಂಪಿನಲ್ಲಿ ತೆಗೆದ ಗ್ರಂಥಿಗಳನ್ನು ಪರೀಕ್ಷಿಸಿದಾಗ ಸುಮಾರು 40 ಪ್ರತಿಶತ ಹೆಂಗಸರಲ್ಲಿ ಕ್ಯಾನ್ಸರ್ ಅಡಗಿತ್ತು. ಮೂರನೇ ಗುಂಪಿನಲ್ಲೂ ಅಷ್ಟೇ ಜನರಲ್ಲಿ ಅಡಗಿರಲೇಬೇಕು. ಆದರೆ ಅವರಲ್ಲಿ ಮುಂದೆ ಕಂಕುಳಲ್ಲಿ ಗಂಟು ಎದ್ದದ್ದು 365ರಲ್ಲಿ 68 ಜನರಿಗೆ, ಅಂದರೆ ಐವರಲ್ಲಿ ಒಬ್ಬರಿಗೂ ಕಡಿಮೆ. 25 ವರ್ಷ ಕಾದು 2002ರಲ್ಲಿ ಲೆಕ್ಕ ಹಾಕಿದರು. ಬದುಕುಳಿದವರ ಪ್ರಮಾಣದಲ್ಲಿ ಮೂರೂ ಗುಂಪುಗಳಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಒಳಗೆ ಕ್ಯಾನ್ಸರ್ ಇದ್ದ ಗ್ರಂಥಿಯನ್ನು ಮೈಯಲ್ಲೇ ಬಿಟ್ಟರೂ ಆಯುಷ್ಯ ಕಡಿಮೆಯಾಗಲಿಲ್ಲ. ಇದನ್ನು ಅರಗಿಸಿಕೊಳ್ಳಲು ಸರ್ಜನ್ನರಿಗೆ ಒಂದು ತಲೆಮಾರು ಹಿಡಿಯಿತು. ಫಿಶರ್ ಕೊಟ್ಟ ವಿವರಣೆ ಇದು: ಸ್ತನ ಕ್ಯಾನ್ಸರಿನಲ್ಲಿ ಕೊಲ್ಲುವ ಕಣಗಳು ಕಂಕುಳಲ್ಲಿ ಸರದಿ ಕಾಯುತ್ತ ನಿಲ್ಲುವುದಿಲ್ಲ, ರಕ್ತದ ಮೂಲಕ ಆಗಲೇ ಹೊರಟಿರುತ್ತವೆ. ಗ್ರಂಥಿಯಲ್ಲಿ ಸಿಕ್ಕ ಕಣಗಳು ಈ ರೋಗಕ್ಕೆ ಸಂಚಾರದ ಗುಣವಿದೆ ಎನ್ನುವುದಕ್ಕೆ ಸಾಕ್ಷಿ. ಸಾಕ್ಷಿಯನ್ನು ನಾಶಮಾಡಿದರೆ ಅಪರಾಧಿ ಸಾಯುವುದಿಲ್ಲ. ಸಂಚಾರ ಹೊರಟ ಕಣಗಳನ್ನು ಹಿಡಿಯಲು ಮೈತುಂಬ ಹರಿಯುವ ಔಷಧವೇ ಬೇಕು. ಮಿಲಾನ್‌ನ ಜಾನಿ ಬೊನಾಡೊನ್ನ 1976ರಲ್ಲಿ ಇದನ್ನು ತೋರಿಸಿಕೊಟ್ಟರು. ಕಂಕುಳ ಗ್ರಂಥಿಗೆ ಹರಡಿದ್ದ 386 ಹೆಂಗಸರಲ್ಲಿ 207 ಜನರಿಗೆ ಆಪರೇಷನ್ ನಂತರ ಮೂರು ಔಷಧಗಳ ಕೀಮೋ ಕೊಟ್ಟರು, ಉಳಿದವರಿಗೆ ಆಪರೇಷನ್ ಮಾತ್ರ. ಮೊದಲ ವರದಿಯ ಹೊತ್ತಿಗೆ ಆಪರೇಷನ್ ಮಾತ್ರ ಆದವರಲ್ಲಿ 24 ಪ್ರತಿಶತ ಜನರಿಗೆ ರೋಗ ಮರಳಿತ್ತು, ಕೀಮೋ ಪಡೆದವರಲ್ಲಿ 5.3 ಪ್ರತಿಶತಕ್ಕೆ. ವರ್ಷಗಳುರುಳಿದಂತೆ ಈ ಅಂತರ ಕಿರಿದಾಯಿತಾದರೂ ಅಳಿಸಿಹೋಗಲಿಲ್ಲ. ಇಂದು ಅಮೆರಿಕದ ಅಂಕಿ ಅಂಶಗಳ ಪ್ರಕಾರ, ಕಂಕುಳ ಗ್ರಂಥಿಯವರೆಗೆ ಹರಡಿದ ಸ್ತನ ಕ್ಯಾನ್ಸರಿನ ರೋಗಿಗಳಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ.

ಆಮೇಲೆ ಕತ್ತರಿ ಇನ್ನಷ್ಟು ಹಿಂದೆ ಸರಿಯಿತು. ಗಡ್ಡೆಯ ಬಳಿ ನೀಲಿ ಬಣ್ಣವನ್ನೋ ಅಲ್ಪ ವಿಕಿರಣಶೀಲ ದ್ರವವನ್ನೋ ಚುಚ್ಚಿ, ಅದು ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ಉಪಾಯ 1990ರ ದಶಕದಲ್ಲಿ ಬಂತು. ಈ ಕಾವಲು ಗ್ರಂಥಿಯಲ್ಲಿ ಕ್ಯಾನ್ಸರ್ ಇಲ್ಲವಾದರೆ ಉಳಿದವನ್ನು ಮುಟ್ಟುವುದಿಲ್ಲ. ಇದ್ದರೂ ಎಲ್ಲವನ್ನೂ ತೆಗೆಯಬೇಕಿಲ್ಲ ಎಂದು 891 ರೋಗಿಗಳ ಅಮೆರಿಕನ್ ಅಧ್ಯಯನವೊಂದು ತೋರಿಸಿತು: ಸ್ತನ ಉಳಿಸಿ ರೇಡಿಯೇಷನ್ ಕೊಟ್ಟ, ಒಂದೆರಡು ಕಾವಲು ಗ್ರಂಥಿಗಳಲ್ಲಷ್ಟೇ ಕ್ಯಾನ್ಸರ್ ಇದ್ದವರಲ್ಲಿ, ಹತ್ತು ವರ್ಷಗಳ ನಂತರ ಬದುಕಿದ್ದವರು ಗ್ರಂಥಿಗಳನ್ನೆಲ್ಲ ತೆಗೆದ ಗುಂಪಿನಲ್ಲಿ 83.6 ಪ್ರತಿಶತ, ಬಿಟ್ಟ ಗುಂಪಿನಲ್ಲಿ 86.3. ಭಾರತದಲ್ಲಿ ವಿಕಿರಣಶೀಲ ದ್ರವ, ಅದನ್ನು ಪತ್ತೆಹಚ್ಚುವ ಉಪಕರಣ ಎರಡೂ ದುಬಾರಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಕಂಕುಳ ಕೆಳಭಾಗದ ಗೊತ್ತಾದ ಒಂದು ನರದಿಂದ ಕೆಳಗಿರುವ ಕೊಬ್ಬನ್ನಷ್ಟೇ ತೆಗೆದು ಪರೀಕ್ಷಿಸುವ ವಿಧಾನವನ್ನು ಬೆಳೆಸಿದರು. ಯಂತ್ರ ಬೇಡ, ಪಳಗಿದ ಕೈ ಸಾಕು. ಫಲಿತಾಂಶದಲ್ಲಿ ಯಂತ್ರದ ವಿಧಾನಕ್ಕೆ ಅದೇನೂ ಕಡಿಮೆಯಿಲ್ಲ. ನಮ್ಮ ದೇಶದ ಒಳ್ಳೆಯ ವಿಜ್ಞಾನ ಅನೇಕ ಸಲ ಹೀಗೆ ಸದ್ದಿಲ್ಲದೆ ಕೂತಿರುತ್ತದೆ.

ಇಷ್ಟು ಓದಿದವರು, 'ಸರಿ, ಗಂಟನ್ನು ಕಡೆಗಣಿಸಬಹುದು' ಎಂದುಕೊಂಡರೆ ಅಪಾಯ. ಕಂಕುಳಿನ ಪಾಠ ಕುತ್ತಿಗೆಗೆ ತಲೆಕೆಳಗಾಗುತ್ತದೆ.

ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಗುಟ್ಕಾ, ಬೀಡಿ ಇರುವ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಜನರಿಗೆ ಬಾಯಿ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ. ಗಂಡಸರಲ್ಲಿ ಇದೇ ಮುಂಚೂಣಿಯ ಕ್ಯಾನ್ಸರ್. ನಾಲಗೆಯ ಅಂಚಿನಲ್ಲಿ ಚಿಕ್ಕ ಹುಣ್ಣು ಇದೆ, ಕುತ್ತಿಗೆಯಲ್ಲಿ ಕೈಗೆ ಏನೂ ಸಿಗುತ್ತಿಲ್ಲ ಎಂದಿಟ್ಟುಕೊಳ್ಳಿ. ಹುಣ್ಣನ್ನು ಕತ್ತರಿಸಿ ತೆಗೆಯಬೇಕು, ಸರಿ. ಕುತ್ತಿಗೆಯನ್ನೂ ಅದೇ ದಿನ ತೆರೆದು ಗ್ರಂಥಿಗಳನ್ನು ತೆಗೆಯಬೇಕೇ? ಗಂಟು ಎದ್ದಾಗ ನೋಡಿಕೊಂಡರೆ ಸಾಕೇ? ಹತ್ತು ಜನರಲ್ಲಿ ಏಳು ಮಂದಿಯ ಕುತ್ತಿಗೆಯಲ್ಲಿ ಏನೂ ಇರುವುದಿಲ್ಲ, ಅವರಿಗೆ ಸುಮ್ಮನೆ ಗಾಯವೇಕೆ ಎಂಬುದು ಒಂದು ಪಕ್ಷ. ಉಳಿದ ಮೂವರ ಗತಿಯೇನು ಎಂಬುದು ಇನ್ನೊಂದು. ದಶಕಗಳ ಕಾಲ ಜಗತ್ತಿನ ಸರ್ಜನ್ನರು ಈ ಜಗಳವನ್ನು ಬಗೆಹರಿಸದೆ ತಮ್ಮ ಗುರುಗಳು ಮಾಡಿದಂತೆ ಮಾಡುತ್ತ ಬಂದಿದ್ದರು. ಬಗೆಹರಿದದ್ದು ಮುಂಬೈನ ಪರೇಲ್‌ನಲ್ಲಿ. ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಲ್ಲಿ ಶುರುಮಾಡಿದ ಅಧ್ಯಯನದ ಫಲಿತಾಂಶ 2015ರಲ್ಲಿ ಹೊರಬಂತು. ಮೊದಲ 500 ರೋಗಿಗಳ ಲೆಕ್ಕದಲ್ಲಿ, ಕುತ್ತಿಗೆಯ ಗ್ರಂಥಿಗಳನ್ನು ಅದೇ ದಿನ ತೆಗೆಸಿಕೊಂಡವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು 80 ಪ್ರತಿಶತ. ಕಾದು ನೋಡಿದವರಲ್ಲಿ 67.5. ಅಂದರೆ ಎಂಟು ಜನರಿಗೆ ಮೊದಲೇ ಮಾಡಿದರೆ ಒಂದು ಜೀವ ಹೆಚ್ಚು ಉಳಿಯುತ್ತದೆ. ಕಾದವರ ಕುತ್ತಿಗೆಯಲ್ಲಿ ಗಂಟು ಎದ್ದಾಗ ಅದು ಹೆಚ್ಚು ಬಲಿತಿತ್ತು, ಗ್ರಂಥಿಯ ಕವಚ ಒಡೆದು ಹೊರಗೆ ಬಂದಿದ್ದೂ ಹೆಚ್ಚು. ತಪಾಸಣೆಗೆ ತಪ್ಪದೆ ಬರುವಂತೆ ನೋಡಿಕೊಂಡ ಅಧ್ಯಯನದಲ್ಲೇ ಹೀಗಾದರೆ, ಗದ್ದೆ ಕೆಲಸ ಬಿಟ್ಟು ಬಸ್ಸು ಹಿಡಿದು ಬರಬೇಕಾದವರ ಪಾಡು ಊಹಿಸಿ.

ಕಂಕುಳಿಗೂ ಕುತ್ತಿಗೆಗೂ ಈ ವ್ಯತ್ಯಾಸವೇಕೆ? ಸ್ತನ ಕ್ಯಾನ್ಸರ್ ಕೊಲ್ಲುವುದು ದೂರದ ಅಂಗಗಳನ್ನು ಸೇರಿ. ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕೊಲ್ಲುವುದು ಇದ್ದಲ್ಲೇ ಇದ್ದು: ಶ್ವಾಸನಾಳ, ಅನ್ನನಾಳ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಎಲ್ಲ ಹಾದುಹೋಗುವ ಇಕ್ಕಟ್ಟಿನ ಜಾಗ ಅದು. ಕುತ್ತಿಗೆಯನ್ನು ಗೆದ್ದರೆ ರೋಗವನ್ನು ಬಹುಪಾಲು ಗೆದ್ದಂತೆ. ಸ್ತನ ಕ್ಯಾನ್ಸರಿಗೆ ಹಾರ್ಮೋನ್ ಮಾತ್ರೆ, ಗುರಿಯಿಟ್ಟು ಹೊಡೆಯುವ ಔಷಧಗಳ ಬೆಂಬಲವಿದೆ, ಬಾಯಿ ಕ್ಯಾನ್ಸರಿಗೆ ಅಂಥ ಬೆಂಬಲ ಇನ್ನೂ ತೆಳು.

ಗ್ರಂಥಿಯಿಂದ ಮುಂದೆ ರೋಗ ಹೋಗುತ್ತದೆಯೋ, ಗಡ್ಡೆಯಿಂದಲೇ ನೇರ ಹೋಗುತ್ತದೆಯೋ ಎಂಬ ಹಳೆಯ ತಕರಾರಿಗೆ ಈಚೆಗೆ ಜೀನುಗಳ ಸಾಕ್ಷ್ಯವೂ ಸಿಕ್ಕಿದೆ. ದೊಡ್ಡ ಕರುಳಿನ ಕ್ಯಾನ್ಸರಿನ 17 ರೋಗಿಗಳ ಮೇಲೆ 2017ರಲ್ಲಿ ನಡೆದ ಅಧ್ಯಯನದಲ್ಲಿ, ಸುಮಾರು ಮೂರನೇ ಎರಡು ಪಾಲಿನಷ್ಟು ಪ್ರಕರಣಗಳಲ್ಲಿ ಗ್ರಂಥಿಯ ಕಣಗಳೂ ದೂರದ ಅಂಗದ ಕಣಗಳೂ ಮೂಲ ಗಡ್ಡೆಯಿಂದ ಬೇರೆಬೇರೆಯಾಗಿ ಹೊರಟಿದ್ದವು. ಉಳಿದ ಮೂರನೇ ಒಂದರಲ್ಲಿ ಎರಡರದೂ ಒಂದೇ ಮೂಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗ್ರಂಥಿಯೊಳಗಿನ ರಕ್ತನಾಳ ಹೊಕ್ಕು ಶ್ವಾಸಕೋಶಕ್ಕೆ ಹೋದ ಕಣಗಳೂ ಕಂಡಿವೆ. ಹಾಲ್‌ಸ್ಟೆಡ್‌ದು ಪೂರ್ತಿ ಸುಳ್ಳಲ್ಲ, ಫಿಶರ್‌ದು ಪೂರ್ತಿ ಸತ್ಯವಲ್ಲ. ರೋಗಕ್ಕೆ ಎರಡೂ ದಾರಿ ಗೊತ್ತು.

ಇನ್ನೊಂದು ಬೆಳವಣಿಗೆ ನನಗೆ ಇದಕ್ಕಿಂತ ಕುತೂಹಲದ್ದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ, ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಪೆಂಬ್ರೊಲಿಜುಮ್ಯಾಬ್ ಔಷಧವನ್ನು ಆಪರೇಷನ್ ಮುಗಿದ ಮೇಲೆ ಕೊಡುವುದು ರೂಢಿಯಾಗಿತ್ತು. 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಅದೇ ಔಷಧದ ಮೂರು ಡೋಸುಗಳನ್ನು ಆಪರೇಷನ್ನಿಗೆ ಮುಂಚೆ, ಉಳಿದವನ್ನು ಆಮೇಲೆ ಕೊಟ್ಟರು. ಎರಡು ವರ್ಷಕ್ಕೆ ತೊಂದರೆಯಿಲ್ಲದೆ ಉಳಿದವರು ಹಳೆಯ ಕ್ರಮದಲ್ಲಿ 49 ಪ್ರತಿಶತ, ಹೊಸದರಲ್ಲಿ 72. ಒಟ್ಟು ಔಷಧ ಅಷ್ಟೇ, ಬದಲಾದದ್ದು ಸರದಿ. ಗಡ್ಡೆಯೂ ಗ್ರಂಥಿಯೂ ಮೈಯಲ್ಲಿರುವಾಗಲೇ ಔಷಧ ಹೋದರೆ ನಿರೋಧಕ ಕಣಗಳಿಗೆ ಶತ್ರುವನ್ನು ಗುರುತಿಸುವ ತರಬೇತಿ ಚೆನ್ನಾಗಿ ಆಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಇನ್ನು ಪೆಥಾಲಜಿ ವಿಭಾಗದ ಮೇಜಿಗೆ ಬರೋಣ, ರೋಗಿಯ ಭವಿಷ್ಯದ ಅರ್ಧ ಭಾಗ ತೀರ್ಮಾನವಾಗುವುದು ಅಲ್ಲಿ. ಕುತ್ತಿಗೆಯಿಂದ ತೆಗೆದದ್ದು ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾದ ಹಳದಿ ಕೊಬ್ಬಿನ ಮುದ್ದೆ. ಗ್ಲೌಸು ಹಾಕಿದ ಬೆರಳುಗಳಿಂದ ಅದನ್ನು ಇಂಚಿಂಚಾಗಿ ಒತ್ತಿ ತಡವಿ, ಸಿಕ್ಕ ಪ್ರತಿ ಗ್ರಂಥಿಯನ್ನೂ ಬಿಡಿಸಿ, ಸೀಳಿ, ಎಣಿಸಿ ಬರೆಯಬೇಕು. ಕೆಲವು ಎರಡು ಮೂರು ಮಿಲಿಮೀಟರಿಗಿಂತ ದೊಡ್ಡದಿರುವುದಿಲ್ಲ. ಬೇಸರವಾಯಿತೆಂದು ಅರ್ಧಕ್ಕೆ ಬಿಟ್ಟರೆ ವರದಿ ಸುಳ್ಳಾಗುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಕನಿಷ್ಠ 12 ಗ್ರಂಥಿಗಳನ್ನಾದರೂ ನೋಡಿರಬೇಕು ಎಂಬ ನಿಯಮವಿರುವುದು ಇದಕ್ಕೇ. ಮೈಕ್ರೋಸ್ಕೋಪಿನಡಿ ಮೊದಲು ಹುಡುಕುವುದು ಗ್ರಂಥಿಯ ಕವಚದ ಕೆಳಗಿನ ಕಿರಿದಾದ ಅಂಚನ್ನು, ಒಳಬರುವ ನಾಳಗಳು ತೆರೆದುಕೊಳ್ಳುವುದು ಅಲ್ಲೇ. ಕ್ಯಾನ್ಸರ್ ಕಣಗಳು ಒಳಗೇ ಇವೆಯೋ, ಕವಚ ಸೀಳಿ ಸುತ್ತಲ ಕೊಬ್ಬಿಗೆ ಇಳಿದಿವೆಯೋ ಎಂಬುದು ಮುಂದಿನ ಪ್ರಶ್ನೆ. ಬಾಯಿ ಕ್ಯಾನ್ಸರಿನಲ್ಲಿ ಕವಚ ಒಡೆದಿದ್ದರೆ ರೇಡಿಯೇಷನ್ ಒಂದೇ ಸಾಲದು, ಜೊತೆಗೆ ಸಿಸ್‌ಪ್ಲಾಟಿನ್ ಬೇಕು ಎಂದು 2004ರಲ್ಲಿ ಯುರೋಪು ಮತ್ತು ಅಮೆರಿಕದ ಎರಡು ಅಧ್ಯಯನಗಳು ಗೊತ್ತುಮಾಡಿದವು.

ನಮ್ಮಲ್ಲಿ ಜೀವ ಹೋಗುವುದು ಬಹಳ ಸಲ ಈ ಹಂತದ ನಂತರ. ಆಪರೇಷನ್ ಚೆನ್ನಾಗಿ ಆಗಿರುತ್ತದೆ. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಹೋದವರು 'ಕರೆಂಟ್' ಕೊಡಿಸಿಕೊಳ್ಳಲು ಬರುವುದು ಹಬ್ಬ ಮುಗಿದ ಮೇಲೆ, ಮಗಳ ಮದುವೆ ಕಳೆದ ಮೇಲೆ. ಆಪರೇಷನ್ ಆಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಶುರುವಾದ ಮೇಲೆ ಮತ್ತೆ ಆರು ವಾರ, ವಾರಕ್ಕೆ ಐದು ದಿನ. ಬೀದರ್, ರಾಯಚೂರಿನಿಂದ ಬಂದವರು ಬೆಂಗಳೂರಿನಲ್ಲಿ ಅಷ್ಟು ದಿನ ಎಲ್ಲಿ ಉಳಿಯಬೇಕು, ದಿನಗೂಲಿ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಯಾವ ಔಷಧ ಕಂಪನಿಯ ಬಳಿಯೂ ಉತ್ತರವಿಲ್ಲ. ಆಸ್ಪತ್ರೆಯ ಪಕ್ಕ ಒಂದು ಧರ್ಮಛತ್ರ ಕಟ್ಟಿಸಿದವರು ಉಳಿಸುವ ಜೀವಗಳ ಲೆಕ್ಕವನ್ನು ಯಾರಾದರೂ ಹಾಕಬೇಕು.

ಇನ್ನೊಂದು ತಪ್ಪು ನಂಬಿಕೆ ಸೂಜಿಯದು. 'ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ' ಎಂದು ಹೆದರಿ ಪರೀಕ್ಷೆ ತಪ್ಪಿಸುವವರಿದ್ದಾರೆ. ಕುತ್ತಿಗೆಯ ಗಂಟಿಗೆ ತೆಳು ಸೂಜಿಯಿಂದ ಮಾಡುವ ಪರೀಕ್ಷೆಯಲ್ಲಿ ಆ ಭಯಕ್ಕೆ ಆಧಾರವಿಲ್ಲ. ಅಷ್ಟೇ ಅಲ್ಲ, ನಮ್ಮ ದೇಶದಲ್ಲಿ ಕುತ್ತಿಗೆಯ ಎಷ್ಟೋ ಗಂಟುಗಳು ಕ್ಷಯದಿಂದ ಆದವು. ಸೂಜಿ ಪರೀಕ್ಷೆಯಾದರೆ ತಿಂಗಳುಗಟ್ಟಲೆ ಹೆದರುವುದು ತಪ್ಪಿ, ಆರು ತಿಂಗಳ ಮಾತ್ರೆಯಲ್ಲಿ ಗುಣವಾಗಬಹುದು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿದ್ದರೆ ಬಯಾಪ್ಸಿ ರಿಪೋರ್ಟಿನ ಜೆರಾಕ್ಸ್ ಇಟ್ಟುಕೊಳ್ಳಿ. ಸ್ಟೇಜು ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಎಷ್ಟು ಗಂಟು ತೆಗೆದು ನೋಡಿದರು, ಎಷ್ಟರಲ್ಲಿ ಸಿಕ್ಕಿತು, ಕವಚ ಒಡೆದಿದೆಯೇ, ಮುಂದಿನ ಚಿಕಿತ್ಸೆ ಯಾವ ತಾರೀಕಿಗೆ ಶುರು ಎಂದು ಕೇಳಿ, ಬರೆದುಕೊಳ್ಳಿ. ಇನ್ನೂ ಯಾರಿಗೂ ಏನೂ ಆಗಿಲ್ಲವೆಂದರೆ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಕುತ್ತಿಗೆಯಲ್ಲಿ ನೋವಿಲ್ಲದ ಗಟ್ಟಿ ಗಂಟು ಇದ್ದರೆ ಡಾಕ್ಟರಿಗೆ ತೋರಿಸಿ. ನೋವಿಲ್ಲ ಎಂದು ಮುಂದೂಡಬೇಡಿ. ಶುರುವಿನಲ್ಲಿ ಈ ರೋಗಕ್ಕೆ ಬಹಳ ಸಲ ನೋವಿರುವುದಿಲ್ಲ.